ಮೂರು ಹೆಸರಿನ ಒಂದೇ ರೋಗ: 1978ರ ಅಂಬಾಸಿಡರ್ ಮತ್ತು ಎರಡು ಸಲ ಸುಟ್ಟ ಪ್ಯಾಕಿಂಗ್

ಅಮ್ಮನಿಗೆ ಕಾರು ಹತ್ತಿದರೆ ತಲೆನೋವು ಬರುತ್ತಿತ್ತು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ. ಮಂಡಗದ್ದೆ ದಾಟುವ ಹೊತ್ತಿಗೆ ಅವರು ಹಣೆ ಒತ್ತಿಕೊಳ್ಳಲು ಶುರು ಮಾಡುತ್ತಿದ್ದರು. ಗಾಜನೂರು ಬರುವಷ್ಟರಲ್ಲಿ ವಾಕರಿಕೆ. ಬೇಸಿಗೆಯಲ್ಲಿ ಇಷ್ಟಿರಲಿಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ಜಾಸ್ತಿಯಾಯಿತು. "ತಿರುವಿನ ರಸ್ತೆ ಅಲ್ವಾ, ಹಾಗಾಗುತ್ತೆ, ನಿಂಬೆಹಣ್ಣು ಮೂಸಿ ನೋಡು" ಅಂತ ನಾವೆಲ್ಲ ಹೇಳಿದೆವು. ಆ ಮಾತು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ತಲೆನೋವಿಗೆ ಕಾರಣ ತಿರುವಲ್ಲ. ಇಂಜಿನ್‌ನ ಹಿಂದಿನ ತುದಿಯಲ್ಲಿ, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಒಯ್ಯುವ ಬೀಡು ಕಬ್ಬಿಣದ ಕವಲು ಪೈಪು) ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೆ ಕೂರುವ ಜಾಗದಲ್ಲಿ, ಪ್ಯಾಕಿಂಗ್ ಸುಟ್ಟುಹೋಗಿತ್ತು. ಪುಸ್ತಕದಲ್ಲಿ ಗ್ಯಾಸ್ಕೆಟ್ ಅಂತಾರೆ, ನಮ್ಮ ಗ್ಯಾರೇಜುಗಳಲ್ಲಿ ಪ್ಯಾಕಿಂಗ್. ಎರಡು ಲೋಹದ ನಡುವೆ ಸೋರದಂತೆ ಇಡುವ ತೆಳು ಹಾಳೆ ಅದು. ಅಲ್ಲಿಂದ ಹೊಗೆ ಕಾರಿನೊಳಗೆ ಬರುತ್ತಿತ್ತು. ಮಳೆಗೆ ಗಾಜು ಏರಿಸಿಕೊಂಡು ಕೂತವರು ಅದನ್ನೇ ಉಸಿರಾಡುತ್ತಿದ್ದೆವು.

ಆ ಪ್ಯಾಕಿಂಗ್ ಹಾಕಿಸಿ ಆರು ತಿಂಗಳೂ ಆಗಿರಲಿಲ್ಲ. ಹೊಸ ಪ್ಯಾಕಿಂಗ್ ಅಷ್ಟು ಬೇಗ ಯಾಕೆ ಸುಟ್ಟಿತು, ಅದನ್ನು ಹೇಗೆ ಕಂಡುಹಿಡಿದೆ, ಸರಿ ಹೇಗಾಯಿತು ಅನ್ನುವುದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಹಳೆಯ ಗಾಡಿ ಇಟ್ಟುಕೊಂಡವರ ಮನೆಯಲ್ಲೂ ಯಾರಿಗಾದರೂ ಕಾರಿನಲ್ಲಿ ತಲೆನೋವು ಬರುತ್ತಿರಬಹುದು.

ಗಾಡಿ

ನಮ್ಮದು 1978ರ ಮಾರ್ಕ್ 3 ಅಂಬಾಸಿಡರ್. ಅಪ್ಪ 1991ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಅಡಿಕೆ ಮೂಟೆ, ಮದುವೆ ದಿಬ್ಬಣ, ಬಾಣಂತಿ, ಆಸ್ಪತ್ರೆ ಎಲ್ಲವನ್ನೂ ಅದು ಹೊತ್ತಿದೆ. ಈಗ ವಾರಕ್ಕೆ ಒಂದೆರಡು ಸಲ ಪೇಟೆಗೆ, ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ. ಉಳಿದ ದಿನ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಸ್ಟಡ್ (ತಲೆಯಿಲ್ಲದ ಬೋಲ್ಟು) ಮತ್ತು ನಟ್ ವಿಷಯದಲ್ಲಿ ಇದು ಮುಂದೆ ಲೆಕ್ಕಕ್ಕೆ ಬರುತ್ತದೆ.

ಇಂಜಿನ್ 1489 ಸಿಸಿಯ ಪೆಟ್ರೋಲ್. ಬಿಎಂಸಿ ಕಂಪನಿಯ 'ಬಿ' ಸರಣಿಯದು. ಇಂಗ್ಲೆಂಡಿನ ಎಂಜಿಬಿ ಸ್ಪೋರ್ಟ್ಸ್ ಕಾರಿನ ಇಂಜಿನ್ನೂ ಇದೇ ಮನೆತನದ್ದು. ಇದರಲ್ಲಿ ಇನ್‌ಲೆಟ್ (ಗಾಳಿ, ಪೆಟ್ರೋಲ್ ಒಳಗೆ ಹೋಗುವ ಪೈಪು) ಮತ್ತು ಎಕ್ಸಾಸ್ಟ್ ಎರಡೂ ಹೆಡ್ಡಿನ ಒಂದೇ ಬದಿಗೆ ಕೂರುತ್ತವೆ. ಎರಡಕ್ಕೂ ಸೇರಿ ಒಂದೇ ಉದ್ದನೆಯ ಪ್ಯಾಕಿಂಗ್. ನಾಲ್ಕು ಸಿಲಿಂಡರ್ ಇದ್ದರೂ ತೂತು ಐದೇ. ಮೊದಲ ಸಿಲಿಂಡರಿನ ಹೊಗೆಗೆ ಒಂದು, ಕೊನೆಯದಕ್ಕೆ ಒಂದು, ನಡುವಿನ ಎರಡಕ್ಕೂ ಸೇರಿ ಒಂದು. ಈ ಮೂರರ ಸಂದಿನಲ್ಲಿ ಇನ್‌ಲೆಟ್ಟಿನವು ಎರಡು.

ಹಿಡಿದಿಡಲು ಆರು ಸ್ಟಡ್. ಎರಡು ತುದಿಯಲ್ಲಿರುವ ಸ್ಟಡ್‌ಗಳು ಎಕ್ಸಾಸ್ಟನ್ನು ಮಾತ್ರ ಹಿಡಿಯುತ್ತವೆ. ಒಳಗಿನ ನಾಲ್ಕು ಸ್ಟಡ್‌ಗಳ ಕೆಲಸ ಬೇರೆ. ಪ್ರತಿಯೊಂದರ ಮೇಲೂ ಒಂದು ಅಗಲವಾದ, ದಪ್ಪನೆಯ ವಾಷರ್ ಇರುತ್ತದೆ. ಆ ವಾಷರಿನ ಅರ್ಧ ಇನ್‌ಲೆಟ್ಟಿನ ಕಿವಿಯ (ನಟ್ ಒತ್ತಲು ಚಾಚಿರುವ ಅಂಚಿನ) ಮೇಲೆ, ಇನ್ನರ್ಧ ಎಕ್ಸಾಸ್ಟಿನ ಕಿವಿಯ ಮೇಲೆ. ಒಂದೇ ನಟ್ ಎರಡನ್ನೂ ಒತ್ತಬೇಕು. ಈ ಪ್ರಕರಣ ಪೂರ್ತಿ ನಿಂತಿರುವುದು ಆ ವಾಷರಿನ ಮೇಲೆ.

ಸದ್ದಿಗೆ ಕೊಟ್ಟ ಹೆಸರುಗಳು

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಟಿಕ್ ಅನ್ನುವ ಸದ್ದು. ಐದಾರು ನಿಮಿಷಕ್ಕೆ ಇಂಜಿನ್ ಬಿಸಿಯಾದರೆ ಕಮ್ಮಿ. ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಮತ್ತೆ ಜೋರು. ಹಿಂದಿನ ವರ್ಷದ ಮಳೆಗಾಲ ಮುಗಿದಾಗಲೇ ಇದು ಶುರುವಾಗಿತ್ತು. ತೋರಿಸಿದ ಮೊದಲ ಕಡೆ "ಟ್ಯಾಪೆಟ್ ಸದ್ದು" ಅಂದರು. ವಾಲ್ವ್ ತೆರೆಯಿಸುವ ಭಾಗವಾದ ಟ್ಯಾಪೆಟ್ ಬಿಗಿ ಮಾಡಿದರು. ಸದ್ದು ಹೋಗಲಿಲ್ಲ. ಜನವರಿಯಲ್ಲಿ ಇನ್ನೊಂದು ಗ್ಯಾರೇಜಿನವರು ಪ್ಯಾಕಿಂಗ್ ಸುಟ್ಟಿದೆ ಅಂತ ಸರಿಯಾಗಿಯೇ ಹೇಳಿ ಹೊಸದು ಹಾಕಿದರು. ಮೂರು ತಿಂಗಳು ಸುಖವಾಗಿತ್ತು. ಮೇ ತಿಂಗಳಲ್ಲಿ ಸದ್ದು ವಾಪಸ್ ಬಂತು.

ಜೊತೆಗೆ ಇನ್ನೊಂದು ತೊಂದರೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರಿನಲ್ಲಿ ಪಟ್ ಪಟ್ ಅಂತ ಹೊಡೆಯುತ್ತಿತ್ತು. ಅದಕ್ಕೆ "ಪೆಟ್ರೋಲ್ ಕಮ್ಮಿ ಬರ್ತಿದೆ" ಅನ್ನುವ ಹೆಸರು ಸಿಕ್ಕಿತು. ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲ್ ಜಾಸ್ತಿ ಮಾಡಿದರು. ಮೂರನೆಯದಾಗಿ ಅಮ್ಮನ ತಲೆನೋವು. ಅದಕ್ಕೆ ನಾವು ಕೊಟ್ಟ ಹೆಸರು ತಿರುವು.

ಒಂದೇ ರೋಗ, ಮೂರು ಹೆಸರು. ಪ್ರತಿ ಹೆಸರಿಗೂ ಒಂದೊಂದು ಔಷಧಿ. ಆ ಔಷಧಿಗಳಿಂದ ರೋಗ ಹೆಚ್ಚಾಯಿತು. ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ ಆದರೆ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಅರೆಬರೆ ಉರಿದದ್ದು ಕಾರ್ಬನ್ ಮೊನಾಕ್ಸೈಡ್ ಆಗಿ ಬರುತ್ತದೆ. ಇಂಥ ಹಳೆಯ ಕಾರ್ಬ್ಯುರೇಟರ್ ಇಂಜಿನ್‌ನ ಹೊಗೆಯಲ್ಲಿ ಅದು ನೂರಕ್ಕೆ ನಾಲ್ಕೈದು ಭಾಗ ಇರುವುದೂ ಉಂಟು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ಬರುವುದು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ಮಂಪರು. ಡ್ರೈವರಿಗೂ ಅದೇ ಗತಿ.

ಜುಲೈನಲ್ಲಿ ಬೆಂಗಳೂರಿನಿಂದ ಬಂದ ತಂಗಿ ಅಮ್ಮನ ಕಥೆ ಕೇಳಿ ಸುಮ್ಮನಾಗಲಿಲ್ಲ. ಕಾರ್ಬನ್ ಮೊನಾಕ್ಸೈಡ್ ಅಳೆಯುವ ಬ್ಯಾಟರಿ ಮೀಟರ್ ಒಂದನ್ನು ತರಿಸಿದಳು. ಗಾಜು ಏರಿಸಿ, ಮೀಟರನ್ನು ಮುಂದಿನ ಸೀಟಿನ ಮೇಲಿಟ್ಟು, ನಾನೊಬ್ಬನೇ ಓಡಿಸಿದೆ. 20 ನಿಮಿಷಕ್ಕೆ 41 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 41 ಭಾಗ) ತೋರಿಸಿತು. ಮನೆಯೊಳಗಿನ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಒಂದು ಗಂಟೆಯ ಮಿತಿ ಘನ ಮೀಟರಿಗೆ 35 ಮಿಲಿಗ್ರಾಂ, ಅಂದರೆ ಸುಮಾರು 30 ಪಿಪಿಎಂ. ಶಿವಮೊಗ್ಗಕ್ಕೆ ನಮಗೆ ಒಂದೂವರೆ ಗಂಟೆ ಬೇಕು. ಗಾಜು ಇಳಿಸಿ, ಮಳೆಯಲ್ಲಿ ನೆನೆಯುತ್ತಲೇ ವಾಪಸ್ ಬಂದೆ. ಅವತ್ತೇ ಗಾಡಿ ನಿಲ್ಲಿಸಿದೆವು.

ಟ್ಯಾಪೆಟ್ಟೋ ಪ್ಯಾಕಿಂಗೋ

ಈ ಎರಡು ಸದ್ದು ಒಂದೇ ಥರ ಕೇಳಿಸುವುದರಲ್ಲಿ ಅಚ್ಚರಿಯಿಲ್ಲ. ಕ್ರ್ಯಾಂಕ್, ಅಂದರೆ ಇಂಜಿನ್ನಿನ ಮುಖ್ಯ ದಂಡ, ಎರಡು ಸುತ್ತು ತಿರುಗಿದರೆ ಒಂದು ವಾಲ್ವ್ ಒಂದು ಸಲ ತೆರೆಯುತ್ತದೆ. ಒಂದು ಸಿಲಿಂಡರಿನ ಹೊಗೆಯೂ ಎರಡು ಸುತ್ತಿಗೆ ಒಂದೇ ಸಲ ಹೊರಗೆ ನುಗ್ಗುತ್ತದೆ. ಐಡಲ್‌ನಲ್ಲಿ ನಿಮಿಷಕ್ಕೆ 800 ಸುತ್ತು ಅಂದರೆ ಎರಡೂ ನಿಮಿಷಕ್ಕೆ 400 ಸಲ ಬಡಿಯುತ್ತವೆ. ತಾಳ ಒಂದೇ. ಸುಮ್ನೆ ಕಿವಿಗೊಟ್ಟರೆ ಒಳ್ಳೆಯ ಮೆಕ್ಯಾನಿಕ್ ಕೂಡ ಮೋಸ ಹೋಗಬಹುದು.

ಬೇರೆ ಮಾಡಲು ಒಂದು ದಾರಿ ಇದೆ. ಟ್ಯಾಪೆಟ್‌ಗೆ ಸಿಲಿಂಡರಿನಲ್ಲಿ ಬೆಂಕಿ ಹತ್ತಿತೋ ಇಲ್ಲವೋ ಅನ್ನುವುದು ಬೇಕಿಲ್ಲ. ಅದು ತನ್ನ ಪಾಡಿಗೆ ಬಡಿಯುತ್ತದೆ. ಹೊಗೆ ಸೋರುವ ಸದ್ದಿಗೆ ಬೆಂಕಿ ಬೇಕು. ಪ್ಲಗ್ ಕಿಡಿ ಕೊಡದಿದ್ದರೆ ಆ ಸಿಲಿಂಡರಿನಿಂದ ಒತ್ತಡದ ಹೊಗೆ ಬರುವುದಿಲ್ಲ, ಸದ್ದು ಸೊರಗುತ್ತದೆ. ಹಾಗಾಗಿ ಇಂಜಿನ್ ನಿಂತಿರುವಾಗ ಒಂದು ಪ್ಲಗ್ಗಿನ ವೈರ್ ತೆಗೆದು ಬಾಡಿಗೆ ತಾಗಿಸಿ ಕಟ್ಟಿದೆ. ಆಮೇಲೆ ಸ್ಟಾರ್ಟ್ ಮಾಡಿ ಕೇಳಿದೆ. ತೊಂದರೆ ಏನೆಂದರೆ ಇಂಜಿನ್ ಬಿಸಿಯಾದರೆ ಸದ್ದೇ ಇರುವುದಿಲ್ಲ. ದಿನಕ್ಕೆ ಒಂದೇ ಅವಕಾಶ. ನಾಲ್ಕು ಬೆಳಿಗ್ಗೆ, ನಾಲ್ಕು ಸಿಲಿಂಡರ್. ಒಂದು, ಎರಡು, ಮೂರರಲ್ಲಿ ವ್ಯತ್ಯಾಸವಿಲ್ಲ. ನಾಲ್ಕನೇ ಬೆಳಿಗ್ಗೆ ನಾಲ್ಕನೆಯ ವೈರ್ ತೆಗೆದಾಗ ಟಿಕ್ ಟಿಕ್ ಹೋಗಿ ಬರೀ ಪುಸ್ ಅನ್ನುವ ಉಸಿರು ಉಳಿಯಿತು. ಅಪ್ಪ ಜಗಲಿಯಿಂದಲೇ "ಸಿಕ್ತಾ?" ಅಂದರು. ಅವರಿಗೂ ಕೇಳಿಸಿತ್ತು.

ಟಾರ್ಚ್ ಮತ್ತು ಚಿಕ್ಕ ಕನ್ನಡಿ ಹಿಡಿದು ನೋಡಿದೆ. ಕೊನೆಯ ಎಕ್ಸಾಸ್ಟ್ ತೂತಿನ ಮೇಲೆ ಹೆಡ್ಡಿಗೆ ಬೀಸಣಿಗೆ ಆಕಾರದಲ್ಲಿ ಮಸಿ ಹತ್ತಿತ್ತು. ಆ ತೂತು ಡ್ಯಾಶ್ ಹಿಂದಿನ ಗೋಡೆಗೆ ತೀರಾ ಹತ್ತಿರ. ಗೋಡೆಯಲ್ಲಿ ವೈರ್ ಹೋಗುವ ಎರಡು ತೂತಿನ ರಬ್ಬರ್ ಬುಷ್ ಯಾವಾಗಲೋ ಉದುರಿ ಹೋಗಿತ್ತು. ಹೊಗೆ ಒಳಗೆ ಬರುವ ದಾರಿ ಅದೇ.

ಪಟ್ ಪಟ್‌ಗೂ ಕಾರಣ ಇದೇ ಸೋರಿಕೆ. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಅಲೆ ಅಲೆಯಾಗಿ ಹೋಗುತ್ತದೆ. ಎರಡು ಅಲೆಯ ನಡುವೆ ಪೈಪಿನಲ್ಲಿ ಒತ್ತಡ ಇಳಿದು, ಸೋರುವ ಸಂದಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಇಳಿಜಾರಿನಲ್ಲಿ ಉರಿಯದೆ ಬಂದ ಪೆಟ್ರೋಲ್ ಆವಿಗೆ ಆ ಗಾಳಿ ಸಿಕ್ಕಿ ಸೈಲೆನ್ಸರಿನಲ್ಲಿ ಹತ್ತಿಕೊಳ್ಳುತ್ತದೆ.

ಬಿಚ್ಚಿದ್ದು

ನಾನು ಐಟಿಐನಲ್ಲಿ ಫಿಟ್ಟರ್ ಕಲಿತವನು. ಆದರೂ ತುಕ್ಕು ಹಿಡಿದ ಸ್ಟಡ್ ಅಂದರೆ ಇವತ್ತಿಗೂ ಕೈ ಹಿಂಜರಿಯುತ್ತದೆ. ಮೂರು ರಾತ್ರಿ ಆರೂ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟೆ. ನಡುವೆ ದಿನಕ್ಕೆ ಒಂದು ಸಲ ಬಾಗಿಲು ತೆರೆದ ಶೆಡ್ಡಿನಲ್ಲಿ ಐದು ನಿಮಿಷ ಇಂಜಿನ್ ಓಡಿಸಿ ಆರಲು ಬಿಟ್ಟೆ. ಬಿಸಿಯಾಗಿ ಆರುವಾಗ ಎಣ್ಣೆ ಥ್ರೆಡ್ಡಿನೊಳಗೆ ಇಳಿಯುತ್ತದೆ.

ನಟ್‌ಗೆ ಅರ್ಧ ಇಂಚಿನ ಸ್ಪ್ಯಾನರ್ ಬೇಕು. 13 ಮಿ.ಮೀ. ಸ್ಪ್ಯಾನರ್ ಕೂಡ ಕೂರುತ್ತದೆ, ಹೆಚ್ಚಿನವರು ಅದನ್ನೇ ಹಾಕುತ್ತಾರೆ. ಆದರೆ ಅರ್ಧ ಇಂಚು ಅಂದರೆ 12.7 ಮಿ.ಮೀ. ತುಕ್ಕಿನಿಂದ ಮೊದಲೇ ಸವೆದ ನಟ್‌ಗೆ ಆ 0.3 ಮಿ.ಮೀ. ಸಡಿಲ ಸಾಕು, ಮೂಲೆಗಳು ಉರುಟಾಗಿ ಹಿಡಿತ ಸಿಗದ ಹಾಗಾಗುತ್ತದೆ. ನಮ್ಮದರಲ್ಲಿ ಒಂದು ನಟ್ ಆಗಲೇ ಹಾಗಾಗಿತ್ತು.

ಬ್ಯಾಟರಿ ವೈರ್ ತೆಗೆದೆ. ಏರ್ ಕ್ಲೀನರ್, ಕಾರ್ಬ್ಯುರೇಟರ್, ಕೆಳಗೆ ಸೈಲೆನ್ಸರ್ ಪೈಪ್ ಬಿಚ್ಚಿದೆ. ನಟ್‌ಗಳನ್ನು ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿದೆ. ಐದು ಬಂದವು. ಆರನೆಯದು, ಹಿಂದಿನ ತುದಿಯದು, ಸ್ಟಡ್ ಸಮೇತ ಮುರಿಯಿತು. ಹೆಡ್ಡಿನಿಂದ ಒಂದು ಕಾಳಿನಷ್ಟು ಉದ್ದ ಮಾತ್ರ ಹೊರಗೆ ಉಳಿಯಿತು.

ಅದನ್ನು ಡ್ರಿಲ್ ಮಾಡಲು ನಾನು ಒಪ್ಪಲಿಲ್ಲ. ಡ್ರಿಲ್ ಬಿಟ್ ಸ್ವಲ್ಪ ಓರೆಯಾದರೂ ಹೆಡ್ ಕೆಡುತ್ತದೆ. ಗೇಟು, ಕಿಟಕಿ ಮಾಡುವ ಊರಿನ ವೆಲ್ಡರ್ ಬಂದರು. ಪೆಟ್ರೋಲ್ ಪೈಪಿಗೆ ಬಿರಡೆ ಹಾಕಿ, ಕಾರ್ಬ್ಯುರೇಟರ್ ದೂರ ಇಟ್ಟು, ಸುತ್ತ ಒದ್ದೆ ಗೋಣಿ ಹೊದಿಸಿ, ಬಕೆಟ್ಟಿನಲ್ಲಿ ಮರಳು ಇಟ್ಟುಕೊಂಡು ಅಪ್ಪ ಪಕ್ಕದಲ್ಲೇ ನಿಂತರು. ಮುರಿದ ತುಂಡಿನ ಮೇಲೆ ಒಂದು ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಿದರು. ಕೆಂಪು ಆರುವವರೆಗೆ ಕಾದು, ಹಿಂದೆ ಮುಂದೆ ಅಲ್ಲಾಡಿಸುತ್ತ ತಿರುಗಿಸಿದರು. ವೆಲ್ಡಿಂಗ್ ಕಾವಿಗೆ ಸ್ಟಡ್ ಉಬ್ಬಿ, ಆರುವಾಗ ಕುಗ್ಗಿ, ತುಕ್ಕಿನ ಹಿಡಿತ ಒಡೆದಿತ್ತು. ಬಂತು. ವೆಲ್ಡರ್ ಚಹಾ ಕುಡಿದು ಹೋದರು, ದುಡ್ಡು ತೆಗೆದುಕೊಳ್ಳಲಿಲ್ಲ.

ಪ್ಯಾಕಿಂಗ್ ಓದುವುದು

ಹಳೆಯ ಪ್ಯಾಕಿಂಗನ್ನು ಕಿತ್ತು ಬಿಸಾಡುವ ಮೊದಲು ಓದಬೇಕು. ಎಲ್ಲಿ ಎಷ್ಟು ಒತ್ತಡ ಬಿದ್ದಿದೆ ಅನ್ನುವುದು ಅದರ ಮೇಲೆ ಅಚ್ಚಾಗಿರುತ್ತದೆ. ನಮ್ಮದನ್ನು ಒದ್ದೆ ಮಾಡಿ ಮೆಲ್ಲಗೆ ಎಬ್ಬಿಸಿದೆ. ಹಳೆಯ ಕಾಲದ ಪ್ಯಾಕಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲದು. ಯಾವುದರಲ್ಲಿದೆ, ಯಾವುದರಲ್ಲಿಲ್ಲ ಅಂತ ಕಣ್ಣಿಗೆ ಕಾಣುವುದಿಲ್ಲ. ಒಣಗಿದ್ದನ್ನು ಉಜ್ಜಬೇಡಿ, ವೈರ್ ಬ್ರಷ್ ಮೆಷಿನ್ ಹಾಕಬೇಡಿ, ಗಾಳಿ ಊದಬೇಡಿ. ನೀರು ಚಿಮುಕಿಸಿ, ಮಾಸ್ಕ್ ಹಾಕಿ, ಕೆರೆದದ್ದನ್ನು ಒದ್ದೆ ಬಟ್ಟೆಯಲ್ಲಿ ತೆಗೆಯಿರಿ.

ಕಿಟಕಿ ಬೆಳಕಿನಲ್ಲಿ ಇಟ್ಟು ನೋಡಿದೆ. ಮೊದಲ ತೂತಿನ ಸುತ್ತ ಅಚ್ಚು ಪೂರ್ತಿ ಇತ್ತು. ನಡುವಿನದರ ಸುತ್ತಲೂ ಹಾಗೇ. ಹಿಂದಿನ ಇನ್‌ಲೆಟ್ ತೂತಿನ ಸುತ್ತ ಅಚ್ಚು ಅಗತ್ಯಕ್ಕಿಂತ ಆಳ. ಅದರ ಪಕ್ಕದ, ನಾಲ್ಕನೇ ಸಿಲಿಂಡರಿನ ಎಕ್ಸಾಸ್ಟ್ ತೂತಿನ ಸುತ್ತ ಅರ್ಧ ಭಾಗದಲ್ಲಿ ಅಚ್ಚೇ ಇರಲಿಲ್ಲ. ಅಲ್ಲಿ ಪ್ಯಾಕಿಂಗ್ ಉಬ್ಬಿ, ಕರಕಲಾಗಿ, ಅಂಚು ಹಾರಿಹೋಗಿತ್ತು.

ಅಂದರೆ ಪ್ಯಾಕಿಂಗ್ ಕೆಟ್ಟದ್ದಾಗಿರಲಿಲ್ಲ. ಒತ್ತಿದ ಕಡೆ ಅದು ಚೆನ್ನಾಗಿ ಉಳಿದಿತ್ತು, ಒತ್ತದ ಕಡೆ ಸುಟ್ಟಿತ್ತು. ಪಕ್ಕಪಕ್ಕದ ಎರಡು ತೂತಿಗೆ ನಡುವೆ ಒಂದೇ ಸ್ಟಡ್. ಒಂದು ಕಡೆ ಅತಿ, ಇನ್ನೊಂದು ಕಡೆ ಏನೂ ಇಲ್ಲ. ಇದು ಹೇಗೆ?

ಬಿಚ್ಚಿಟ್ಟ ವಾಷರ್‌ಗಳನ್ನು ಹಲಗೆ ಮೇಲೆ ಸಾಲಾಗಿ ಇಟ್ಟಿದ್ದೆ. ಒಳಗಿನ ನಾಲ್ಕರಲ್ಲಿ ಮೂರು ದಪ್ಪನೆಯ ಹಳೆಯ ವಾಷರ್. ನಾಲ್ಕನೆಯದು, ಹಿಂದಿನದು, ಬೇರೆ ಜಾತಿಯದು. ದಪ್ಪ ಅವುಗಳ ಮೂರನೇ ಒಂದು ಭಾಗವೂ ಇಲ್ಲ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ವಾಷರ್. ಮೇಜಿನ ಮೇಲಿಟ್ಟರೆ ತಟ್ಟೆಯ ಹಾಗೆ ಬಾಗಿತ್ತು. ಯಾವುದೋ ಕಾಲದಲ್ಲಿ ಒರಿಜಿನಲ್ ಕಳೆದುಹೋಗಿ, ಕೈಗೆ ಸಿಕ್ಕಿದ್ದನ್ನು ಹಾಕಿದ್ದಾರೆ. ಇಂಜಿನ್ ಕೆಳಗಿನ ಕತ್ತಲಲ್ಲಿ ಬಿದ್ದ ವಾಷರ್ ಹುಡುಕುವ ಕಷ್ಟ ನನಗೂ ಗೊತ್ತು.

ಕ್ಯಾಲಿಪರ್ ಹಿಡಿದು ಆ ಜಾಗದ ಎರಡು ಕಿವಿಗಳ ದಪ್ಪ ಅಳೆದೆ. ಎಕ್ಸಾಸ್ಟಿನ ಕಿವಿ ಇನ್‌ಲೆಟ್ಟಿನ ಕಿವಿಗಿಂತ 0.4 ಮಿ.ಮೀ. ತೆಳು. ದಪ್ಪ ವಾಷರ್ ಇದ್ದಿದ್ದರೂ ಇದು ಒಳ್ಳೆಯದಲ್ಲ, ಆದರೆ ಅದು ಬಾಗುವುದಿಲ್ಲವಾದ್ದರಿಂದ ಸ್ವಲ್ಪವಾದರೂ ಒತ್ತುತ್ತಿತ್ತು. ತೆಳು ವಾಷರ್ ಎತ್ತರದ ಇನ್‌ಲೆಟ್ ಕಿವಿಯ ಮೇಲೆ ಕೂತು ಬಾಗಿಬಿಟ್ಟಿತ್ತು. ನಟ್ ಬಿಗಿಯಾಗಿಯೇ ಇತ್ತು. ಜನವರಿಯಲ್ಲಿ ಹಾಕಿದವರು ಬಿಗಿ ಮಾಡುವಾಗ ಕೈಗೆ ಗಟ್ಟಿಯಾಗಿಯೇ ಸಿಕ್ಕಿರುತ್ತದೆ. ಆ ಬಿಗಿಯೆಲ್ಲ ಇನ್‌ಲೆಟ್ಟಿಗೆ ಹೋಗಿತ್ತು.

ಬೀಡು ಕಬ್ಬಿಣದ ಸ್ವಭಾವ

ವಾಷರ್ ಒಂದೇ ಅಲ್ಲ. ಮ್ಯಾನಿಫೋಲ್ಡಿನ ಮುಖಕ್ಕೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿದೆ. ಮುಂದೆ, ನಡುವೆ 2 ಥೌ ಕೂಡ ಹೋಗಲಿಲ್ಲ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ). ಹಿಂದಿನ ತುದಿಯಲ್ಲಿ 12 ಥೌ ಸಲೀಸಾಗಿ ಹೋಯಿತು. ಅಂದರೆ 0.3 ಮಿ.ಮೀ. ವರ್ಷಗಟ್ಟಲೆ ಕಾದು ಆರಿ, ಸರಿಯಾಗಿ ಹಿಡಿತವಿಲ್ಲದ ತುದಿ ಹೆಡ್ಡಿನಿಂದ ದೂರಕ್ಕೆ ಬಾಗಿತ್ತು. ಹೆಡ್ಡಿನ ಮುಖ ಮಾತ್ರ ಮಟ್ಟವಾಗಿತ್ತು, ಅದು ನಮ್ಮ ಪುಣ್ಯ.

ಮ್ಯಾನಿಫೋಲ್ಡ್ ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆ. ಆಟೋ ಕಾಂಪ್ಲೆಕ್ಸ್ ಕಡೆಯ ಒಂದು ಲೇತ್ ಶಾಪಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ತಂದೆಯೂ ಅಲ್ಲೇ ಇದ್ದವರು. 1923ರಲ್ಲಿ ಮಲೆನಾಡಿನ ಕಾಡಿನ ಇದ್ದಿಲು ಉರಿಸಿ ಬೀಡು ಕಬ್ಬಿಣ ಕರಗಿಸಲು ಶುರು ಮಾಡಿದ ಜಾಗ ಅದು. ಬೀಡು ಅವರಿಗೆ ಮನೆ ಮಗುವಿನ ಹಾಗೆ ಗೊತ್ತು.

ನಾನು ಒಂದು ಪ್ರಶ್ನೆ ಕೇಳಿದೆ. 0.3 ಮಿ.ಮೀ. ತಾನೇ, ನಟ್ ಬಿಗಿ ಮಾಡಿದರೆ ಎಳೆದುಕೊಳ್ಳುವುದಿಲ್ಲವಾ? ಅವರು ತಲೆ ಆಡಿಸಿದರು. "ಬೀಡು ಬೆಂಕಿಗೆ ಬಗ್ಗುತ್ತೆ, ಕೈಗೆ ಬಗ್ಗಲ್ಲ. ತಣ್ಣಗಿದ್ದಾಗ ಎಳೆದ್ರೆ ಕಿವಿ ಮುರಿಯುತ್ತೆ." ಇವತ್ತು ಮುರಿಯದಿದ್ದರೂ ಮೊದಲ ಘಾಟಿಯಲ್ಲಿ ಕಾದಾಗ ಬಿರುಕು ಬಿಡುತ್ತದೆ ಅಂದರು. ಬಿಸಿ ಮ್ಯಾನಿಫೋಲ್ಡಿಗೆ ತಣ್ಣೀರು ಬಿದ್ದರೂ ಅದೇ ಕಥೆ. ನಮ್ಮ ಕಡೆ ಮಳೆಗಾಲದಲ್ಲಿ ರಸ್ತೆಗೆ ಅಡ್ಡ ಹರಿಯುವ ಹಳ್ಳಕ್ಕೆ ಜೋರಾಗಿ ನುಗ್ಗಿಸುವವರು ಇದನ್ನು ಕೇಳಿಸಿಕೊಳ್ಳಬೇಕು.

ಇನ್‌ಲೆಟ್, ಎಕ್ಸಾಸ್ಟ್ ಎರಡನ್ನೂ ಒಟ್ಟಿಗೆ ಕೂರಿಸಿ ಒಂದೇ ಮಟ್ಟಕ್ಕೆ ಗ್ರೈಂಡಿಂಗ್ ಕೊಟ್ಟರು. ಬೇರೆ ಬೇರೆ ಕೊಟ್ಟರೆ ಎರಡೂ ಮಟ್ಟ ಇರುತ್ತವೆ, ಆದರೆ ಒಂದಕ್ಕೊಂದು ಹೊಂದುವುದಿಲ್ಲ. ಆಮೇಲೆ ಹಿಂಬದಿಯಲ್ಲಿ ವಾಷರ್ ಕೂರುವ ಜಾಗದ ಕಿವಿಗಳನ್ನು ಜೋಡಿ ಜೋಡಿಯಾಗಿ ಒಂದೇ ದಪ್ಪಕ್ಕೆ ತಂದರು. ಈ ಎರಡನೇ ಕೆಲಸವನ್ನು ಕೇಳಿ ಮಾಡಿಸಬೇಕು. ಮುಖ ಮಾತ್ರ ಮಟ್ಟ ಮಾಡಿ ಕೊಟ್ಟರೆ ವಾಷರ್ ಓರೆಯಾಗುವುದು ತಪ್ಪುವುದಿಲ್ಲ.

ಅಂಬಾಸಿಡರ್ ತಯಾರಿಕೆ ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ನಿಂತಿದ್ದು 2014ರಲ್ಲಿ. ಪ್ಯಾಕಿಂಗ್ ಹಳೆಯ ಸ್ಪೇರ್ಸ್ ಅಂಗಡಿಯಲ್ಲಿ ಸಿಕ್ಕಿತು. ದಪ್ಪ ವಾಷರ್ ಸಿಗಲಿಲ್ಲ. ಹಳೆಯದರ ಅಳತೆ ಹಿಡಿದು ನಾಲ್ಕನ್ನೂ ಹೊಸದಾಗಿ ಕಡೆಸಿದೆ. ಒಂದೇ ಸಾಕಾಗಿತ್ತು, ಆದರೆ ನಾಲ್ಕೂ ಒಂದೇ ದಪ್ಪ ಇರಲಿ ಅನ್ನಿಸಿತು. ಆರು ಹೊಸ ಸ್ಟಡ್, ಆರು ಹಿತ್ತಾಳೆ ನಟ್. ಹಿತ್ತಾಳೆ ಉಕ್ಕಿನ ಜೊತೆ ತುಕ್ಕು ಹಿಡಿದು ಅಂಟಿಕೊಳ್ಳುವುದಿಲ್ಲ. ಮುಂದೆ ಬಿಚ್ಚುವವರು ನಾನಾಗಿರಲಿ, ಮಗನಾಗಿರಲಿ, ಸ್ಟಡ್ ಮುರಿಯಬಾರದು.

ಕೂಡಿಸಿದ್ದು

ಹೆಡ್ಡಿನ ಮುಖ ಕೆರೆಯುವ ಮೊದಲು ಐದು ತೂತಿಗೂ ಐದು ಬಟ್ಟೆ ತುರುಕಿದೆ. ಪ್ರತಿ ಬಟ್ಟೆಗೂ ಉದ್ದನೆಯ ದಾರ. ಮಸಿಯ ಒಂದು ಗಟ್ಟಿ ಚೂರು ವಾಲ್ವಿಗೆ ಸಿಕ್ಕಿದರೆ ಇನ್ನೊಂದು ಕೆಲಸ ಹುಟ್ಟುತ್ತದೆ. ಬಟ್ಟೆಯೇ ಒಳಗೆ ಉಳಿದರೆ ಇನ್ನೂ ದೊಡ್ಡದು. ಕೆಲಸ ಮುಗಿದ ಮೇಲೆ ಅಪ್ಪ ಐದು ಎಣಿಸಿ ಹೇಳಿದ ಮೇಲೆಯೇ ಮುಂದೆ ಹೋದೆ.

ಪ್ಯಾಕಿಂಗಿನ ಒಂದು ಮುಖ ತೂತು ತೂತಾದ ತಗಡು. ತಗಡಿನ ಮುಖ ಮ್ಯಾನಿಫೋಲ್ಡ್ ಕಡೆಗೆ ಬರಬೇಕು. ಇದಕ್ಕೆ ಕಾರಣವಿದೆ. ಮ್ಯಾನಿಫೋಲ್ಡ್ ಸುಮಾರು 40 ಸೆಂ.ಮೀ. ಉದ್ದ. ಬೀಡು ಕಬ್ಬಿಣ 400 ಡಿಗ್ರಿ ಕಾದರೆ ಅಷ್ಟು ಉದ್ದಕ್ಕೆ ಒಂದೂವರೆ ಮಿ.ಮೀ.ಗಿಂತ ಜಾಸ್ತಿ ಹಿಗ್ಗುತ್ತದೆ. ಹೆಡ್ಡಿಗೆ ನೀರಿನ ತಂಪು ಇರುವುದರಿಂದ ಅದು ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ಪ್ರತಿ ಸಲ ಕಾದು ಆರಿದಾಗ ಮ್ಯಾನಿಫೋಲ್ಡ್ ಪ್ಯಾಕಿಂಗ್ ಮೇಲೆ ಜಾರುತ್ತದೆ. ತಗಡಿನ ಮೇಲೆ ಜಾರಿದರೆ ಸರಿ. ಮೆತ್ತನೆ ಮುಖದ ಮೇಲೆ ಜಾರಿದರೆ ಅದನ್ನು ಉಜ್ಜಿ ಹರಿದುಬಿಡುತ್ತದೆ.

ಸಿಲಿಕಾನ್ ಪೇಸ್ಟ್ ಹಚ್ಚಲಿಲ್ಲ. ಟ್ಯೂಬಿನ ಪೇಸ್ಟ್‌ಗಳು ಇಷ್ಟು ಕಾವಿಗೆ ನಿಲ್ಲುವುದಿಲ್ಲ. ಸುಟ್ಟು ಉದುರಿ, ಅಲ್ಲೇ ಸಂದು ಬಿಡುತ್ತವೆ. ಒಣ ಮುಖಕ್ಕೆ ಒಣ ಪ್ಯಾಕಿಂಗ್.

ಬಿಗಿ ಮಾಡಿದ್ದು ನಡುವಿನಿಂದ ಹೊರಕ್ಕೆ. ಮೂರು ಸುತ್ತಿನಲ್ಲಿ 5, 10, 15 ಪೌಂಡ್-ಅಡಿ. 15 ಅಂದರೆ ಸುಮಾರು 20 ನ್ಯೂಟನ್ ಮೀಟರ್. ಕೈಗೆ ಇದು ಕಮ್ಮಿ ಅನ್ನಿಸುತ್ತದೆ, ಇನ್ನೂ ಒಂದು ಎಳೆ ಎಳೆಯೋಣ ಅನ್ನಿಸುತ್ತದೆ. ಎಳೆಯಬಾರದು. ಮ್ಯಾನಿಫೋಲ್ಡ್ ಜಾರಲು ಜಾಗ ಬೇಕು ಅಂತ ಈಗಷ್ಟೇ ಹೇಳಿದೆನಲ್ಲ. ಟಾರ್ಕ್ ರೆಂಚ್ ಇಲ್ಲದಿದ್ದರೆ ಈ ಕೆಲಸಕ್ಕಾಗಿ ಒಂದು ದಿನ ಬಾಡಿಗೆಗೆ ತನ್ನಿ.

ಕೊನೆಯಲ್ಲಿ ಹಿಂದಿನ ಔಷಧಿಗಳನ್ನು ಒಂದೊಂದಾಗಿ ವಾಪಸ್ ತೆಗೆದೆ. ಟ್ಯಾಪೆಟ್ ಸಂದು 15 ಥೌ ಇರಬೇಕು. ನಾಲ್ಕನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿಗೆ 10 ಥೌ ಮಾತ್ರ ಇತ್ತು. ಸದ್ದು ಅಡಗಿಸಲು ಬಿಗಿ ಮಾಡಿದ್ದು. ಹಾಗೇ ಓಡಿಸಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಅದೂ ಸುಡುತ್ತಿತ್ತು. ಕಾರ್ಬ್ಯುರೇಟರಿನ ಸ್ಕ್ರೂ ಮೊದಲಿನ ಜಾಗಕ್ಕೆ ತಂದೆ. ಮಸಿ ಹಿಡಿದಿದ್ದ ನಾಲ್ಕೂ ಪ್ಲಗ್ ಒರೆಸಿ ಹಾಕಿದೆ. ಗೋಡೆಯ ಎರಡು ತೂತಿಗೆ ಹೊಸ ರಬ್ಬರ್ ಬುಷ್.

ಓಡಿಸಿ ನೋಡಿದ್ದು

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಮ್ಯಾನಿಫೋಲ್ಡ್ ಮೇಲಿನ ಎಣ್ಣೆ ಉರಿದು ಹೊಗೆ ಎದ್ದಿತು. ಹತ್ತು ನಿಮಿಷಕ್ಕೆ ನಿಂತಿತು. ಟಿಕ್ ಟಿಕ್ ಇಲ್ಲ. ರಾತ್ರಿ ಆರಲು ಬಿಟ್ಟು ಬೆಳಿಗ್ಗೆ ಮತ್ತೆ 15ಕ್ಕೆ ಬಿಗಿ ನೋಡಿದೆ. ಹಿಂದಿನ ಎರಡು ನಟ್ ಅರ್ಧಪಾವು ಸುತ್ತು ತಿರುಗಿದವು. ಪ್ಯಾಕಿಂಗ್ ಒಂದು ಸಲ ಕಾದು ಕೂರುವಾಗ ಇದು ಸಹಜ. ಜನವರಿಯಲ್ಲಿ ಈ ಎರಡನೇ ಬಿಗಿಗೆ ಯಾರೂ ಕರೆದಿರಲಿಲ್ಲ, ನಾವೂ ಹೋಗಿರಲಿಲ್ಲ.

ಶಿವಮೊಗ್ಗಕ್ಕೆ ಹೋಗಿ ಬಂದ ಮಾರನೇ ಬೆಳಿಗ್ಗೆ ಮೂರನೇ ಸಲ ನೋಡಿದೆ. ಒಂದೂ ಅಲುಗಲಿಲ್ಲ.

ಆಮೇಲೆ ಆಗುಂಬೆ. ಘಾಟಿ ಇಳಿದು ಸೋಮೇಶ್ವರ ಮುಟ್ಟಿ, ತಿರುಗಿ ಮೇಲೆ ಹತ್ತುವುದು. 14 ಹೇರ್‌ಪಿನ್ ತಿರುವು. ಅಂಬಾಸಿಡರಿಗೆ ಎರಡನೇ ಗೇರಿನ ಕೆಲಸ. ಮ್ಯಾನಿಫೋಲ್ಡ್ ಅಲ್ಲಿ ಕಾಯುವಷ್ಟು ಬೇರೆಲ್ಲೂ ಕಾಯುವುದಿಲ್ಲ. ಮಳೆ ಹೊಯ್ಯುತ್ತಿತ್ತು. ಗಾಜು ಪೂರ್ತಿ ಏರಿಸಿದ್ದೆ. ಮೀಟರ್ ಡ್ಯಾಶ್ ಮೇಲಿತ್ತು, ತಂಗಿ ಹಿಂದಿನ ಸೀಟಿನಿಂದ ಬಗ್ಗಿ ನೋಡುತ್ತಲೇ ಇದ್ದಳು. ಇಳಿಯುವಾಗ ಸೈಲೆನ್ಸರ್ ಹೊಡೆಯಲಿಲ್ಲ. ಹತ್ತುವಾಗ ಸೊನ್ನೆ. ಸೂರ್ಯಾಸ್ತ ನೋಡುವ ಕಟ್ಟೆ ಹತ್ತಿರ ನಿಲ್ಲಿಸಿದಾಗಲೂ ಸೊನ್ನೆ.

ಅಮ್ಮನನ್ನು ಆ ಸಲ ಕರೆದುಕೊಂಡು ಹೋಗಿರಲಿಲ್ಲ. ಮೀಟರ್ ಮೊದಲು ಹೇಳಲಿ ಅಂತ. ಮುಂದಿನ ವಾರ ಶಿವಮೊಗ್ಗಕ್ಕೆ ಹೊರಟಾಗ ಅವರು ಅಭ್ಯಾಸದಂತೆ ನಿಂಬೆಹಣ್ಣು ತಂದಿದ್ದರು. ಗಾಜನೂರಿನಲ್ಲಿ ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಡ್ಯಾಮಿನ ಗೇಟು ಎಷ್ಟು ತೆಗೆದಿದ್ದಾರೆ ಅಂತ ಅವರು ಗಾಜು ಒರೆಸಿ ಎಣಿಸುತ್ತಿದ್ದರು. ನಿಂಬೆಹಣ್ಣು ಚೀಲದಲ್ಲೇ ಇತ್ತು.